ಎರಡನೇ ತರಗತಿಯ ಪುಸ್ತಕ ದುರಸ್ತಿ: ಐದು ದಿನಗಳ ದಾಖಲೆ

ನಮ್ಮ ತರಗತಿಯ ಮೂಲೆಯಲ್ಲಿರುವ ಪುಸ್ತಕದ ಕಪಾಟಿನಲ್ಲಿ 43 ಪುಸ್ತಕಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳನ್ನು ಮಕ್ಕಳು ಮುಟ್ಟುವುದನ್ನೇ ಬಿಟ್ಟಿದ್ದರು. ಕೆಲವಕ್ಕೆ ರಟ್ಟು ಕಳಚಿತ್ತು, ಕೆಲವಕ್ಕೆ ಹಾಳೆ ಹರಿದಿತ್ತು, ಕೆಲವನ್ನು ತೆರೆದರೆ ನಡುವಿನ ಪುಟಗಳು ತೊಡೆಯ ಮೇಲೆ ಉದುರುತ್ತಿದ್ದವು. ಹರಿದ ಪುಸ್ತಕವನ್ನು ಮಕ್ಕಳು ಒರಟಾಗಿ ಹಿಡಿಯುತ್ತಾರೆ, ಒರಟಾಗಿ ಹಿಡಿದದ್ದು ಇನ್ನಷ್ಟು ಹರಿಯುತ್ತದೆ. ಹೊಸ ಪುಸ್ತಕ ತರಿಸುವ ಮೊದಲು ಇರುವುದನ್ನು ಮಕ್ಕಳ ಕೈಯಿಂದಲೇ ಸರಿಪಡಿಸಬೇಕು ಎಂದು ತೀರ್ಮಾನಿಸಿ ಒಂದು ವಾರ ದಿನಕ್ಕೆ 40 ನಿಮಿಷದ ಒಂದು ಅವಧಿಯನ್ನು ಇದಕ್ಕೆಂದೇ ತೆಗೆದಿಟ್ಟೆ. ಏಳು ವರ್ಷದ 26 ಮಕ್ಕಳು, ಹದಿಮೂರು ಜೋಡಿ.

ಆ ವಾರದಲ್ಲಿ ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನು ದಿನದಿನವೂ ಬರೆದಿಟ್ಟುಕೊಂಡಿದ್ದೆ. ಇದೇ ಕೆಲಸಕ್ಕೆ ಕೈ ಹಾಕುವ ಬೇರೆ ಶಿಕ್ಷಕರಿಗೆ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ಇಡುತ್ತಿದ್ದೇನೆ.

ಸೋಮವಾರ: ವಿಂಗಡಣೆ

ಎಲ್ಲ ಪುಸ್ತಕಗಳನ್ನೂ ನೆಲದ ಮೇಲೆ ಹರಡಿದೆವು. ಮೂರು ಪೆಟ್ಟಿಗೆಗಳನ್ನು ಇಟ್ಟು ಅವುಗಳ ಮೇಲೆ ‘ಒರೆಸುವುದು’, ‘ಅಂಟಿಸುವುದು’, ‘ಹೊಲಿಯುವುದು’ ಎಂದು ಬರೆದೆ. ಒಂದೊಂದು ಜೋಡಿಗೆ ಮೂರು ನಾಲ್ಕು ಪುಸ್ತಕಗಳು. ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ ಮೊದಲ ಪುಟದಿಂದ ಕೊನೆಯವರೆಗೆ ನಿಧಾನವಾಗಿ ತಿರುವಿ, ಏನು ತೊಂದರೆಯಾಗಿದೆ ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಬೇಕು. ಒಂದು ಚೀಟಿಯಲ್ಲಿ ‘ಬೆನು ಹೋಗಿದೆ’ ಎಂದಿತ್ತು. ಪುಸ್ತಕದ ಬೆನ್ನು ಎಂದರೆ ಹಾಳೆಗಳು ಕೂಡುವ ಬದಿ. ಪಕ್ಕದ ಹುಡುಗ ಓದಿ, ‘ಬೆನ್ನಿಗೆ ಒತ್ತಕ್ಷರ ಬೇಕು, ಇಲ್ಲದಿದ್ದರೆ ಅದಕ್ಕೆ ಇನ್ನೂ ನೋವಾಗುತ್ತದೆ’ ಎಂದ. ಬರೆದವಳು ನಕ್ಕು ತಾನೇ ತಿದ್ದಿದಳು. ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದರೆ ಆ ಒತ್ತು ಅವಳಿಗೆ ಅಷ್ಟು ಬೇಗ ಹತ್ತುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಎರಡು ಪುಸ್ತಕಗಳಲ್ಲಿ ಬೂಷ್ಟು ಕಂಡಿತು. ಅವನ್ನು ಮಕ್ಕಳ ಕೈಗೆ ಕೊಡದೆ ತಕ್ಷಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಟ್ಟೆ. ಬೂಷ್ಟಿನ ಪುಡಿ ಉಸಿರಾಟಕ್ಕೆ ಒಳ್ಳೆಯದಲ್ಲ, ಜೊತೆಯಲ್ಲಿರುವ ಪುಸ್ತಕಗಳಿಗೂ ಹರಡುತ್ತದೆ. ಮಕ್ಕಳೊಡನೆ ಈ ಕೆಲಸ ಮಾಡುವವರು ವಿಂಗಡಣೆಯ ಹಿಂದಿನ ದಿನವೇ ಒಮ್ಮೆ ತಾವೇ ಎಲ್ಲವನ್ನೂ ನೋಡಿಕೊಳ್ಳಬೇಕು. ನಾನು ನೋಡಿಕೊಂಡಿರಲಿಲ್ಲ.

ಅಂದು ಒಂದೇ ಒಂದು ಕಟ್ಟಳೆ ಹಾಕಿದೆ: ಯಾರು ಹರಿದರು ಎಂದು ಯಾರೂ ಕೇಳಬಾರದು, ನಾನೂ ಕೇಳುವುದಿಲ್ಲ. ಮೊದಲ ಐದು ನಿಮಿಷದಲ್ಲೇ ‘ಇದು ಅವನೇ ಟೀಚರ್’ ಎಂಬ ದೂರು ಎರಡು ಕಡೆಯಿಂದ ಬಂದಿತ್ತು, ಅದಕ್ಕೇ ಹಾಕಿದ್ದು. ಕಟ್ಟಳೆ ಬಂದ ಮೇಲೆ ಮಾತಿನ ಧಾಟಿ ಬದಲಾಯಿತು. ‘ಇಲ್ಲಿ ಎಷ್ಟು ಉದ್ದ ಹರಿದಿದೆ?’ ‘ಸ್ಕೇಲು ಇಡು, ಏಳು ಸೆಂಟಿಮೀಟರ್.’ ಅಳತೆಯ ಪಾಠವನ್ನು ನಾನು ಬೇರೆಯಾಗಿ ಮಾಡಬೇಕಾಗಲಿಲ್ಲ.

ಅವಧಿ ಮುಗಿಯುವ ಹೊತ್ತಿಗೆ ಕಿಟಕಿಯ ಪಕ್ಕದ ಜೋಡಿ ಒಂದು ತೆಳ್ಳನೆಯ ಚಿತ್ರಪುಸ್ತಕ ಹಿಡಿದು ಬಂದಿತು. ದಾರಿ ತಪ್ಪಿದ ಬಾತುಕೋಳಿ ಮರಿಯ ಕಥೆ ಅದು. ‘ಟೀಚರ್, 4 ಆದಮೇಲೆ 7 ಬಂದಿದೆ.’ ಮುಂದೆ ತಿರುವಿದರೆ 18 ಆದಮೇಲೆ 21. ಎರಡು ಕಡೆ ಹರಿದಿದ್ದಾರೆ ಎಂದು ಮಕ್ಕಳು ಎಣಿಸಿದ್ದರು. ಅಲ್ಲ, ಹೋಗಿದ್ದು ಒಂದೇ ಹಾಳೆ ಎಂದೆ. ಯಾರೂ ನಂಬಲಿಲ್ಲ. ಅದನ್ನು ಗುರುವಾರಕ್ಕೆ ಬಾಕಿ ಇಟ್ಟುಕೊಂಡೆ.

ಮಂಗಳವಾರ: ಅಂಟು

ಹರಿದ ಪುಸ್ತಕ ಕಂಡ ಕೂಡಲೇ ದೊಡ್ಡವರ ಕೈ ಪಾರದರ್ಶಕ ಟೇಪಿಗೆ ಹೋಗುತ್ತದೆ. ನಮ್ಮ ಕಪಾಟಿನಲ್ಲೇ ಅದರ ಫಲಿತಾಂಶ ಇತ್ತು. ಹಿಂದೆ ಯಾರೋ ಟೇಪು ಹಚ್ಚಿದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಒಣಗಿ ಎದ್ದುಹೋಗಿತ್ತು, ಅಂಟು ಮಾತ್ರ ಕಾಗದದೊಳಗೆ ಇಳಿದು ಕಂದುಹಳದಿ ಕಲೆಯಾಗಿ ನಿಂತಿತ್ತು. ಆ ಪುಟವನ್ನು ಮಕ್ಕಳಿಗೆ ಬೆಳಕಿಗೆ ಹಿಡಿದು ತೋರಿಸಿದೆ.

ಹಾಗಾಗಿ ನಾವು ಎರಡು ಅಂಟುಗಳನ್ನು ಬಳಸಿದೆವು. ಹಾಳೆಯ ಹರಕಿಗೆ ಹಿಟ್ಟಿನ ಅಂಟು. ಬೆನ್ನಿಗೆ ಮತ್ತು ರಟ್ಟಿನ ಕೀಲಿಗೆ (ರಟ್ಟು ಬೆನ್ನಿಗೆ ಸೇರಿ ಮಡಚುವ ಜಾಗಕ್ಕೆ) ಬಿಳಿ ಗೋಂದು, ಅಂದರೆ ಪಾಲಿವಿನೈಲ್ ಅಸಿಟೇಟ್ ಅಂಟು. ಬಿಳಿ ಗೋಂದು ಒಣಗಿದ ಮೇಲೂ ಬಾಗುತ್ತದೆ, ಪುಸ್ತಕವನ್ನು ನೂರು ಸಲ ತೆರೆದರೂ ಸೀಳುವುದಿಲ್ಲ. ಆದರೆ ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ. ಹಿಟ್ಟಿನ ಅಂಟು ನೀರು ತಾಗಿದರೆ ಬಿಟ್ಟುಕೊಡುತ್ತದೆ. ಹಳೆಯ ಕಾಗದಗಳನ್ನು ಕಾಪಾಡುವ ಕೆಲಸದಲ್ಲಿರುವವರು ಪಿಷ್ಟದ ಅಂಟನ್ನೇ ಇಂದಿಗೂ ನೆಚ್ಚಿಕೊಂಡಿರುವುದು ಇದಕ್ಕೇ: ಇಂದು ಮಾಡಿದ್ದು ತಪ್ಪಾಗಿದ್ದರೆ ನಾಳೆ ಬಿಡಿಸಲು ಆಗಬೇಕು.

ಅಂಟನ್ನು ಹಿಂದಿನ ಸಂಜೆ ನಾನೇ ಕಾಯಿಸಿದ್ದೆ. ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಹಾಲಿನಂತಿದ್ದದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಬಿಳುಪು ಕಳೆದುಕೊಂಡು ಅರೆಪಾರದರ್ಶಕವಾಗುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಹೊತ್ತು ತಿರುವಿ, ತಣಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿಕೊಂಡೆ. ಸೋಸುವುದನ್ನು ಬಿಟ್ಟರೆ ಸಣ್ಣ ಗಂಟುಗಳು ಹಾಳೆಯ ಕೆಳಗೆ ಮರಳಿನಂತೆ ಉಬ್ಬುತ್ತವೆ. ಈ ಅಂಟು ಎರಡು ಮೂರು ದಿನಗಳಲ್ಲಿ ಹಳಸುತ್ತದೆ, ಆದ್ದರಿಂದ ಒಂದು ಸಣ್ಣ ಬಟ್ಟಲು ಸಾಕು.

ಜೋಡಿಯಲ್ಲಿ ಒಬ್ಬರು ‘ಹಿಡಿಯುವವರು’, ಇನ್ನೊಬ್ಬರು ‘ಹಚ್ಚುವವರು’. ಹಿಡಿಯುವವರು ಎರಡು ಕೈಯಿಂದ ಪುಟವನ್ನು ಸಮವಾಗಿ ಒತ್ತಿ ‘ಹಿಡಿದಿದ್ದೇನೆ’ ಎಂದ ಮೇಲೆಯೇ ಬ್ರಷ್ ಇಳಿಯಬೇಕು. ಕೆಲಸವಾದ ಮೇಲೆ ಹಚ್ಚುವವರು ‘ಬಿಡು’ ಎನ್ನಬೇಕು. ಇಪ್ಪತ್ತು ನಿಮಿಷಕ್ಕೆ ಅದಲುಬದಲು. ನಾನು ಮೊದಲು ಹೆದರಿದ್ದು ಅಂಟು ಚೆಲ್ಲುವುದಕ್ಕೆ, ಆದರೆ ನಿಜವಾಗಿ ಕಷ್ಟವಾದದ್ದು ಹಿಡಿಯುವುದು. ಬೇರೊಬ್ಬರು ಕೆಲಸ ಮಾಡುವಾಗ ಕೈ ಅಲ್ಲಾಡಿಸದೆ, ಬ್ರಷ್ ಕಸಿದುಕೊಳ್ಳದೆ, ‘ನೀನು ಸರಿಯಾಗಿ ಮಾಡುತ್ತಿಲ್ಲ’ ಎನ್ನದೆ ನಿಲ್ಲುವುದು ಏಳು ವರ್ಷದವರಿಗೆ ದೊಡ್ಡ ದುಡಿಮೆ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವ, ಯಾರಿಗೂ ಕಾಯದ ಹುಡುಗಿಯೊಬ್ಬಳು ಅಂದು ಹತ್ತು ನಿಮಿಷ ಹಾಳೆ ಹಿಡಿದು ನಿಂತಳು. ಅವಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಅಷ್ಟು ಒತ್ತಬೇಕಾಗಿಲ್ಲ ಎಂದೆ. ‘ಮತ್ತೆ ಎಷ್ಟು?’ ಎಂದಳು. ನನಗೆ ತಟ್ಟನೆ ಹೇಳಲು ಬರಲಿಲ್ಲ. ಅವಳ ಜೊತೆಗಾರ ಬ್ರಷ್ ಮೇಲೆತ್ತಿ ಹೇಳಿದ, ‘ನನ್ನ ತಂಗಿ ಮಲಗಿರುವಾಗ ನಾನು ಮುಟ್ಟುತ್ತೇನಲ್ಲ, ಅಷ್ಟು.’ ಆಮೇಲೆ ವಾರವಿಡೀ ನಮ್ಮ ತರಗತಿಯಲ್ಲಿ ಒತ್ತಡದ ಅಳತೆ ಅದೇ ಆಯಿತು. ಬ್ರಷ್ ಗಟ್ಟಿಯಾಗಿ ಊರಿದವರಿಗೆ ಯಾರಾದರೂ ‘ತಂಗಿ ಎದ್ದಳು’ ಎನ್ನುತ್ತಿದ್ದರು.

ಹರಕು ಸೇರಿಸುವ ಬಗೆ ಇದು. ಕಾಗದ ಹರಿದಾಗ ಅಂಚು ಕತ್ತರಿಸಿದಂತೆ ನೇರವಾಗಿರುವುದಿಲ್ಲ. ಒಂದು ಬದಿಯಲ್ಲಿ ಬಿಳಿಯ ನಾರಿನ ಒಂದು ಅಂಚು ಚಾಚಿಕೊಂಡಿರುತ್ತದೆ, ಇನ್ನೊಂದು ಬದಿ ಅದರ ಮೇಲೆ ಕೂರುತ್ತದೆ. ಮೇಲೆ ಕೂರುವುದು ಯಾವುದು, ಕೆಳಗೆ ಹೋಗುವುದು ಯಾವುದು ಎಂದು ಮೊದಲು ಒಣಗಿದ್ದಾಗಲೇ ಜೋಡಿಸಿ ನೋಡಬೇಕು. ನಂತರ ಆ ಬಿಳಿ ಅಂಚಿಗೆ ಮಾತ್ರ ಅಂಟು. ಸಣ್ಣ ಹರಕಿಗೆ ಇಷ್ಟೇ ಸಾಕು, ಮೇಲೆ ಹಚ್ಚುವ ಕಾಗದದ ಪಟ್ಟಿ ಬೇಕಾಗಿಲ್ಲ. ಹಾಳೆಯ ಮೇಲೂ ಕೆಳಗೂ ಮೇಣದ ಕಾಗದ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಭಾರ ಹೇರಬೇಕು. ಬಟ್ಟೆ ಸುತ್ತಿದ ಇಟ್ಟಿಗೆ ಇದಕ್ಕೆ ಬಹಳ ಒಳ್ಳೆಯದು.

ಬುಧವಾರ: ಒಂದು ಅಪಘಾತ, ಒಂದು ಕತ್ತರಿ

ಬೆಳಿಗ್ಗೆ ಇಟ್ಟಿಗೆ ತೆಗೆದು ನೋಡಿದರೆ ಹೆಚ್ಚಿನವು ಚೆನ್ನಾಗಿ ಕೂಡಿದ್ದವು. ಮೂರು ಪುಸ್ತಕಗಳ ಪುಟಗಳು ಅಲೆಅಲೆಯಾಗಿದ್ದವು, ಅಂಟು ನೀರಾಗಿತ್ತು. ಅಂಟು ಗಟ್ಟಿ ಮೊಸರಿನಷ್ಟಾದರೂ ಇರಬೇಕು. ಒಂದರಲ್ಲಿ ಎರಡು ಪುಟ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಣದ ಕಾಗದ ಮುಗಿದುಹೋಗಿ ಒಂದು ಜೋಡಿಗೆ ಒಂದೇ ತುಂಡು ಸಿಕ್ಕಿತ್ತು. ಅದು ನನ್ನ ಲೆಕ್ಕದ ತಪ್ಪು. ಆದರೆ ಹಚ್ಚಿದ ಹುಡುಗ ತನ್ನಿಂದಲೇ ಪುಸ್ತಕ ಕೆಟ್ಟಿತೆಂದು ತಲೆ ತಗ್ಗಿಸಿ ಕೂತುಬಿಟ್ಟ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಅಂಟಿದ ಜಾಗದ ಮೇಲೆ ಇಟ್ಟೆ. ಎರಡು ನಿಮಿಷ ಕಾದೆವು. ಗಡಿಯಾರದ ದೊಡ್ಡ ಮುಳ್ಳನ್ನು ಅವನೇ ನೋಡುತ್ತಿದ್ದ. ಆಮೇಲೆ ತೆಳುವಾದ ಪ್ಲಾಸ್ಟಿಕ್ ಸ್ಕೇಲನ್ನು ಅಂಚಿನಿಂದ ಒಳಗೆ ತೂರಿಸಿ ಮೆಲ್ಲಗೆ ಸರಿಸಲು ಹೇಳಿದೆ. ಪುಟಗಳು ಒಂದು ಸಣ್ಣ ಸದ್ದಿನೊಡನೆ ಬಿಟ್ಟುಕೊಂಡವು, ಚಿತ್ರದ ಒಂದು ಮೂಲೆಯಲ್ಲಿ ಬಣ್ಣ ತುಸು ಮಸುಕಾಯಿತು, ಅಷ್ಟೆ. ಬಿಳಿ ಗೋಂದು ಹಚ್ಚಿದ್ದರೆ ಆ ಎರಡು ಪುಟ ಹೋದಂತೆಯೇ. ಅವನ ಜೊತೆಗಾರ್ತಿ ಅಷ್ಟೂ ಹೊತ್ತು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದಳು, ಯಾರೂ ಹೇಳಿರಲಿಲ್ಲ.

ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ ಎಂಬುದನ್ನು ಅಂದು ಕಲಿಸಿದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗುತ್ತವೆ. ಆ ದಿಕ್ಕಿನಲ್ಲಿ ಹರಿದರೆ ಗೆರೆ ಎಳೆದಂತೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಡೊಂಕುಡೊಂಕಾಗುತ್ತದೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಕೊಟ್ಟು ಎರಡೂ ಕಡೆ ಹರಿಯಲು ಬಿಟ್ಟೆ. ಹರಿಯಬಾರದು ಎಂದು ಎರಡು ದಿನ ಹೇಳಿಸಿಕೊಂಡವರಿಗೆ ಹರಿಯುವ ಅಪ್ಪಣೆ ಸಿಕ್ಕಿದ್ದರಿಂದ ತರಗತಿಯಲ್ಲಿ ದೊಡ್ಡ ಸಡಗರ. ಪುಸ್ತಕದಲ್ಲಿ ಈ ಎಳೆ ಬೆನ್ನಿಗೆ ಸಮಾನಾಂತರವಾಗಿ, ಮೇಲಿನಿಂದ ಕೆಳಕ್ಕೆ ಇರಬೇಕು. ಅಡ್ಡವಾಗಿದ್ದರೆ ಪುಟ ಸರಾಗವಾಗಿ ಮಗುಚುವುದಿಲ್ಲ, ತೇವ ತಾಗಿದಾಗ ಬೆನ್ನಿನ ಬಳಿ ಸೊಟ್ಟಗಾಗುತ್ತದೆ. ದುರಸ್ತಿಗೆ ಹಚ್ಚುವ ಪಟ್ಟಿಯ ಎಳೆಯೂ ಪುಟದ ಎಳೆಯೂ ಒಂದೇ ಕಡೆಗಿರಬೇಕು.

ಇನ್ನು ಕತ್ತರಿಯ ವಿಷಯ. ದೊಡ್ಡ ಹರಕುಗಳಿಗೆ ತೆಳುವಾದ, ಉದ್ದ ನಾರಿನ ಕಾಗದದ ಪಟ್ಟಿ ಬೇಕು. ಒಂದು ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸುವ ಅಭ್ಯಾಸಕ್ಕೆ ಸಾಧಾರಣ ಕಾಗದ ಕೊಟ್ಟಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿಯ ಪಟ್ಟಿಗಳು ಗರಗಸದ ಹಲ್ಲಿನಂತೆ ಬಂದವು. ಅವಳ ಕೈಕೆಲಸ ಯಾವಾಗಲೂ ಹಾಗೆಯೇ ಎಂದು ಮಕ್ಕಳೂ ಒಪ್ಪಿಕೊಂಡುಬಿಟ್ಟಿದ್ದರು, ನಾನೂ ಒಪ್ಪಿಕೊಂಡಿದ್ದೆ. ಅಂದು ಅವಳ ಪಕ್ಕ ಮೊಣಕಾಲೂರಿ ಕೂತು ನೋಡಿದೆ. ಅವಳು ಎಡಗೈಯವಳು, ಕತ್ತರಿ ಬಲಗೈಯವರದು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ; ಬೆರಳು ಒತ್ತಿದಷ್ಟೂ ಅಲಗುಗಳು ಒಂದರಿಂದೊಂದು ದೂರ ಸರಿದು, ಕಾಗದ ಕತ್ತರಿಸುವ ಬದಲು ನಡುವೆ ಮಡಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಆ ಮಗು ಕಾಣದ ಗೆರೆಯ ಮೇಲೆ ಕತ್ತರಿಸುತ್ತಿತ್ತು.

ನಮ್ಮಲ್ಲಿ ಎಡಗೈ ಕತ್ತರಿ ಇರಲಿಲ್ಲ (ಈಗ ಎರಡು ಇವೆ). ಆದರೆ ದುರಸ್ತಿಯ ಪಟ್ಟಿಯನ್ನು ಕತ್ತರಿಸಲೇಬಾರದು ಎಂಬುದು ಈ ಕೆಲಸದ ಒಂದು ಮುಖ್ಯ ಸಂಗತಿ. ಕತ್ತರಿಸಿದ ಅಂಚು ಪುಟದ ಮೇಲೆ ಗೆರೆಯಂತೆ ಎದ್ದು ಕಾಣುತ್ತದೆ, ಅಲ್ಲೇ ಕಾಗದ ಮಡಚಿ ಮತ್ತೆ ಸೀಳುತ್ತದೆ. ಪಟ್ಟಿಯನ್ನು ಹರಿಯಬೇಕು. ಸ್ಕೇಲು ಇಟ್ಟು, ಅದರ ಅಂಚಿಗೆ ನೀರು ತಾಗಿಸಿದ ಬ್ರಷ್ ಎಳೆದು, ತೇವವಾದ ಗೆರೆಯುದ್ದಕ್ಕೂ ಎರಡು ಕಡೆಗೆ ಮೆಲ್ಲನೆ ಬಿಡಿಸಿದರೆ ಅಂಚಿನಲ್ಲಿ ನಾರುಗಳು ರೆಪ್ಪೆಯ ಕೂದಲಿನಂತೆ ಚಾಚಿಕೊಳ್ಳುತ್ತವೆ. ಅಂಟು ಹಚ್ಚಿ ಕೂರಿಸಿದಾಗ ಆ ರೆಪ್ಪೆಗಳು ಪುಟದೊಳಗೆ ಕರಗಿ, ಪಟ್ಟಿ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಇದನ್ನು ನಾನು ಮೊದಲು ತೋರಿಸಿದ್ದು ಅವಳಿಗೆ. ಮೂರನೇ ಪಟ್ಟಿಗೇ ಕೈ ಕುದುರಿತು. ಅರ್ಧ ಗಂಟೆಯಲ್ಲಿ ಅವಳ ಮೇಜಿನ ಮುಂದೆ ಸಾಲು ನಿಂತಿತ್ತು. ಅವಳು ಯಾರಿಗೂ ಪಟ್ಟಿ ಹರಿದುಕೊಡಲಿಲ್ಲ, ಬ್ರಷ್ಷನ್ನು ಅವರ ಕೈಗಿಟ್ಟು ‘ನೀನೇ ಎಳೆ, ನಾನು ಸ್ಕೇಲು ಹಿಡಿಯುತ್ತೇನೆ’ ಎನ್ನುತ್ತಿದ್ದಳು. ನಾನು ಅವಳಿಗೆ ಹೇಳಿಕೊಟ್ಟಿದ್ದ ಮಾತೇ ಅದು, ನನ್ನ ದನಿಯಲ್ಲೇ.

ಒಳ್ಳೆಯ ನಡತೆಗೆ ನಕ್ಷತ್ರದ ಚೀಟಿ ಅಂಟಿಸುವ ಫಲಕವೊಂದು ನಮ್ಮ ಗೋಡೆಯ ಮೇಲಿತ್ತು. ಅಂದು ಸಂಜೆ ಅದನ್ನು ತೆಗೆದಿಟ್ಟೆ. ಸಹಾಯ ಮಾಡಿದ ಮಗು ನನ್ನ ಕಡೆ ತಿರುಗಿ ನೋಡುವ ಅಭ್ಯಾಸ ಆ ಫಲಕದಿಂದ ಬಂದಿತ್ತು. ಪಟ್ಟಿ ಹರಿಯುವ ಮೇಜಿನ ಸುತ್ತ ನಿಂತಿದ್ದವರಲ್ಲಿ ಯಾರೂ ನನ್ನ ಕಡೆ ನೋಡಿರಲಿಲ್ಲ.

ಗುರುವಾರ: 25ರ ಗುಟ್ಟು

ಬಾತುಕೋಳಿ ಪುಸ್ತಕದ ಸರದಿ. ತೆಳು ಪುಸ್ತಕಗಳನ್ನು ಹಾಳೆಗಳನ್ನು ನಡುವೆ ಮಡಚಿ, ಒಂದರೊಳಗೊಂದು ಇಟ್ಟು, ಮಡಿಕೆಯ ಮೇಲೆ ಪಿನ್ ಹೊಡೆದು ಮಾಡಿರುತ್ತಾರೆ. ಒಂದು ಹಾಳೆ ಎಂದರೆ ನಾಲ್ಕು ಪುಟ; 24 ಪುಟಕ್ಕೆ ಆರು ಹಾಳೆ. ಜೋಡಿಗೆ ಆರು ಖಾಲಿ ಕಾಗದ ಕೊಟ್ಟು ಮಡಚಿ ಒಂದರೊಳಗೊಂದು ಇಡಿಸಿದೆ, 1ರಿಂದ 24ರವರೆಗೆ ಪುಟಸಂಖ್ಯೆ ಬರೆಸಿದೆ. ಆಮೇಲೆ ಹಾಳೆಗಳನ್ನು ಬಿಡಿಸಿ ನೆಲದ ಮೇಲೆ ಹರಡಲು ಹೇಳಿದೆ.

ಒಂದು ನಿಮಿಷ ಗಲಿಬಿಲಿ. ಎಲ್ಲರೂ ಕ್ರಮವಾಗಿ ಬರೆದಿದ್ದರು, ಆದರೆ ಬಿಡಿಸಿದ ಹಾಳೆಯಲ್ಲಿ 24ರ ಪಕ್ಕ 1, 2ರ ಪಕ್ಕ 23. ‘ಟೀಚರ್, ನಮ್ಮದು ತಪ್ಪಾಗಿದೆ’ ಎಂದು ನಾಲ್ಕು ಜೋಡಿಗಳು ಅಳಿಸಲು ಹೊರಟವು. ಅಳಿಸಬೇಡಿ, ಅಕ್ಕಪಕ್ಕದ ಸಂಖ್ಯೆ ಕೂಡಿಸಿ ನೋಡಿ ಎಂದೆ. 24 ಮತ್ತು 1, 25. 2 ಮತ್ತು 23, 25. 22 ಮತ್ತು 3. 10 ಮತ್ತು 15. ನಡುವಿನ ಹಾಳೆಯ 12 ಮತ್ತು 13. ಒಬ್ಬೊಬ್ಬರಾಗಿ ಕೂಗತೊಡಗಿದರು, ಕೊನೆಗೆ ಇಡೀ ತರಗತಿ ‘ಇಪ್ಪತ್ತೈದು’ ಎಂದು ಹಾಡಿದಂತೆ ಹೇಳುತ್ತಿತ್ತು. ಮುಂದೆ ಒಂದು ಪುಟ ಹೆಚ್ಚಿದರೆ ಹಿಂದೆ ಒಂದು ಪುಟ ಕಡಿಮೆಯಾಗುತ್ತದೆ, ಆದ್ದರಿಂದ ಮೊತ್ತ ಕದಲುವುದಿಲ್ಲ. ಇಷ್ಟನ್ನು ನಾನು ಹೇಳಬೇಕೆಂದಿದ್ದೆ. ಅದಕ್ಕೆ ಮೊದಲೇ ಒಬ್ಬ ಎದ್ದು ನಿಂತು, ‘5 ಹೋದರೆ 20 ಹೋಗಲೇಬೇಕು. 6 ಹೋದರೆ 19. ಒಂದೇ ಹಾಳೆ ಟೀಚರ್!’ ಎಂದ. ಸೋಮವಾರ ನನ್ನನ್ನು ನಂಬದೇ ಹೋದವನು ಅವನೇ.

ಈಗ ಆ ಹಾಳೆ ಮತ್ತೆ ಮಾಡಬೇಕು. ಕಥೆಯಲ್ಲಿ ಎರಡು ಕಡೆ ಹಳ್ಳ ಬಿದ್ದಿದೆ. 4ನೇ ಪುಟದಲ್ಲಿ ಮರಿ ಒಂಟಿಯಾಗಿ ಕೊಳದ ದಡದಲ್ಲಿದೆ. 7ರಲ್ಲಿ ಅದರ ಜೊತೆ ಒಂದು ಕಪ್ಪೆ ನಡೆಯುತ್ತಿದೆ. 18ರಲ್ಲಿ ಕಪ್ಪೆ ಇದೆ, 21ರಲ್ಲಿ ಮರಿ ಅಮ್ಮನ ರೆಕ್ಕೆಯಡಿ ಇದೆ, ಕಪ್ಪೆ ಇಲ್ಲ. ಕಪ್ಪೆ ಯಾಕೆ ಜೊತೆಗೆ ಬಂತು? ಕಪ್ಪೆ ಎಲ್ಲಿ ಹೋಯಿತು? ಅರ್ಧ ಗಂಟೆ ಚರ್ಚೆ ನಡೆಯಿತು. ಕಪ್ಪೆಯನ್ನು ಹಾವು ನುಂಗಿತೆಂಬ ಸಲಹೆ ಬಂದು, ಮತಕ್ಕೆ ಹಾಕಿದಾಗ ಸೋತಿತು. ಗೆದ್ದದ್ದು ಇದು: ಕಪ್ಪೆಗೂ ದಾರಿ ತಪ್ಪಿತ್ತು, ನಾಚಿಕೆಯಿಂದ ಹೇಳಿಕೊಂಡಿರಲಿಲ್ಲ. ಮರಿಯೇ ‘ನೀನೂ ಅಳುತ್ತಿದ್ದೆಯಾ?’ ಎಂದು ಕೇಳಿತು. ಕೊನೆಯಲ್ಲಿ ಕಲ್ಲಿನ ಕೆಳಗಿರುವ ಕಪ್ಪೆಯ ಮನೆ ಮೊದಲು ಸಿಗುತ್ತದೆ. ನಾಲ್ಕು ಪುಟಗಳಿಗೆ ನಾಲ್ಕು ಗುಂಪು ಚಿತ್ರ ಬರೆಯಿತು. ಬರೆಯುವಾಗ ಹಾಳೆಯನ್ನು ಯಾವ ಕಡೆ ಹಿಡಿಯಬೇಕೆಂದು ಒಂದು ಗುಂಪು ತಪ್ಪಿತು, ಕಪ್ಪೆ ತಲೆಕೆಳಗಾಗಿ ಬಂತು. ಅದೊಂದನ್ನು ಬೇರೆ ಕಾಗದದಲ್ಲಿ ಬರೆಸಿ ಮೇಲೆ ಅಂಟಿಸಿದೆವು.

ಮಧ್ಯಾಹ್ನದ ಬಿಡುವಿನ ನಂತರ ಕಪಾಟಿನ ಕೆಳಗಿನ ಅಂಕಣದಲ್ಲಿ ಎಂಟು ಮಡಿಕೆ ಮಾಡಿದ ಒಂದು ಕಾಗದ ಸಿಕ್ಕಿತು. ಬೆಳಿಗ್ಗೆ ಅದು ಅಲ್ಲಿರಲಿಲ್ಲ, ನಾನೇ ಅಲ್ಲಿ ಧೂಳು ಒರೆಸಿದ್ದೆ. ಬಿಚ್ಚಿದರೆ 5, 6, 19, 20. ಮಡಿಕೆಗಳು ಸವೆದು ಮೆತ್ತಗಾಗಿದ್ದವು, ಬಹಳ ದಿನ ಯಾವುದೋ ಚೀಲದಲ್ಲಿ ಇದ್ದದ್ದು. ಮಕ್ಕಳು ಸುತ್ತ ಸೇರಿದರು. ‘ಯಾರು...’ ಎಂದು ಒಂದು ದನಿ ಶುರುವಾಯಿತು, ಪಕ್ಕದವಳು ಅವನ ತೋಳು ಮುಟ್ಟಿದಳು, ಅವನು ಅಷ್ಟಕ್ಕೇ ನಿಲ್ಲಿಸಿದ. ನಾನು ಯಾರ ಮುಖವನ್ನೂ ನೋಡದಿರಲು ಹಾಳೆಯನ್ನೇ ನೋಡುತ್ತಿದ್ದೆ.

ನೀರಿನ ಸಿಂಪಡಿಕೆಯಿಂದ ಒತ್ತುಕಾಗದಗಳನ್ನು (ನೀರು ಹೀರುವ ಕಾಗದ) ತುಸುವೇ ತೇವ ಮಾಡಿ, ಅವುಗಳ ನಡುವೆ ಆ ಹಾಳೆ ಇಟ್ಟು, ಹತ್ತು ನಿಮಿಷದ ನಂತರ ಒಣ ಕಾಗದಗಳ ನಡುವೆ ಬದಲಾಯಿಸಿ ಇಟ್ಟಿಗೆ ಹೇರಿದೆವು. ತೇವ ನಾರುಗಳನ್ನು ಸಡಿಲಿಸುತ್ತದೆ, ಒತ್ತಡದಲ್ಲಿ ಒಣಗುವಾಗ ಅವು ಚಪ್ಪಟೆಯಾಗುತ್ತವೆ. ಬಣ್ಣ ಕರಗುತ್ತದೆಯೇ ಎಂದು ಮೊದಲು ಒಂದು ಮೂಲೆಯಲ್ಲಿ ಹತ್ತಿಯಿಂದ ಪರೀಕ್ಷಿಸಿದ್ದೆ. ‘ನಾಳೆ 10 ಗಂಟೆಗೆ ತೆರೆಯಬಹುದು’ ಎಂಬ ಚೀಟಿಯನ್ನು ಇಟ್ಟಿಗೆಯ ಮೇಲೆ ಮಕ್ಕಳೇ ಬರೆದಿಟ್ಟರು. ಮಂಗಳವಾರ ಇಂಥ ಚೀಟಿ ಇಲ್ಲದಾಗ ಐದು ನಿಮಿಷಕ್ಕೊಮ್ಮೆ ಯಾರಾದರೂ ಇಣುಕುತ್ತಿದ್ದರು.

ಆಮೇಲೆ ಪ್ರಶ್ನೆ ಬಂತು: ಹಳೆಯ ಹಾಳೆ ಸಿಕ್ಕಿತಲ್ಲ, ನಾವು ಬರೆದದ್ದು ಏನಾಗಬೇಕು? ಕೆಲವರು ಗೋಡೆಗೆ ಹಚ್ಚೋಣ ಎಂದರು. ಪಟ್ಟಿ ಹರಿಯುವ ಹುಡುಗಿ ‘ಎರಡನ್ನೂ ಹೊಲಿಯೋಣ, ಜಾಗವಿದೆ’ ಎಂದಳು. ಯಾರೂ ಬೇಡವೆನ್ನಲಿಲ್ಲ.

ಶುಕ್ರವಾರ: ಹೊಲಿಗೆ

ತುಕ್ಕು ಹಿಡಿದ ಪಿನ್‌ಗಳನ್ನು ನಾನು ಮೊದಲೇ ತೆಗೆದಿದ್ದೆ. ಒಳಬದಿಯಲ್ಲಿ ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ನೇರ ಮಾಡಿ, ನಂತರ ಹೊರಗಿನಿಂದ ಎಳೆಯಬೇಕು. ಹೊರಗಿನಿಂದಲೇ ಕಿತ್ತರೆ ಕಾಗದ ಸಮೇತ ಬರುತ್ತದೆ. ಪಿನ್ನಿನ ಬದಲು ದಾರ. ಎಲ್ಲ ಹಾಳೆಗಳನ್ನು ರಟ್ಟಿನೊಳಗೆ ಜೋಡಿಸಿ, ಮಡಿಕೆಯ ನಡುವೆ ಒಂದು, ಮೇಲೆ ಕೆಳಗೆ ಅಂಚಿನಿಂದ ಮೂರು ಸೆಂಟಿಮೀಟರ್ ಒಳಗೆ ಒಂದೊಂದು, ಹೀಗೆ ಮೂರು ತೂತು. ತೂತು ಚುಚ್ಚುವುದು ನನ್ನ ಕೆಲಸ, ದಬ್ಬಣ ಮಕ್ಕಳ ಕೈಗೆ ಕೊಡಲಿಲ್ಲ. ಹೊಲಿಯಲು ಮೊಂಡು ತುದಿಯ ದಪ್ಪ ಸೂಜಿ. ದಾರದ ಉದ್ದ ಪುಸ್ತಕದ ಎತ್ತರದ ಮೂರು ಪಟ್ಟು, ಅದಕ್ಕೆ ಮೇಣದ ಬತ್ತಿ ತಿಕ್ಕಿದರೆ ಸಿಕ್ಕು ಬೀಳುವುದಿಲ್ಲ.

ಹೊಲಿಗೆಯ ದಾರಿ: ಒಳಗಿನಿಂದ ನಡು ತೂತಿನ ಮೂಲಕ ಹೊರಗೆ, ಬಾಲ ಬೆರಳುದ್ದ ಒಳಗೆ ಬಿಟ್ಟು. ಹೊರಗಿನಿಂದ ಮೇಲಿನ ತೂತಿಗೆ ಒಳಗೆ. ಒಳಬದಿಯಲ್ಲಿ ನಡು ತೂತನ್ನು ದಾಟಿ ನೇರ ಕೆಳಗಿನ ತೂತಿಗೆ, ಅಲ್ಲಿಂದ ಹೊರಗೆ. ಮತ್ತೆ ನಡು ತೂತಿನಿಂದ ಒಳಗೆ. ಈಗ ಉದ್ದ ಹೊಲಿಗೆಯ ಒಂದು ಪಕ್ಕ ಒಂದು ತುದಿ, ಇನ್ನೊಂದು ಪಕ್ಕ ಇನ್ನೊಂದು ತುದಿ ಬರಬೇಕು. ಎರಡನ್ನೂ ಅದರ ಮೇಲೆ ಗಂಟು ಹಾಕಿದರೆ ಹೊಲಿಗೆ ಬಿಗಿಯುತ್ತದೆ. ದಾರವನ್ನು ಮೇಲಕ್ಕೆ ಜಗ್ಗಿದರೆ ಕಾಗದ ಸೀಳುತ್ತದೆ, ಬೆನ್ನಿನ ಉದ್ದಕ್ಕೆ ಎಳೆಯಬೇಕು. ಒಂಬತ್ತು ಪುಸ್ತಕ ಹೊಲಿದೆವು, ಒಂದರ ತೂತು ಸೀಳಿತು, ಅದಕ್ಕೆ ಪಟ್ಟಿ ಹಚ್ಚಿ ಮುಂದಿನ ವಾರಕ್ಕೆ ಇಟ್ಟಿದ್ದೇವೆ. ಕೀಲು ಸಡಿಲವಾಗಿದ್ದ ನಾಲ್ಕು ದಪ್ಪ ಪುಸ್ತಕಗಳಿಗೆ ಹೆಣಿಗೆ ಕಡ್ಡಿಯನ್ನು ಬಿಳಿ ಗೋಂದಿನಲ್ಲಿ ಹೊರಳಿಸಿ, ರಟ್ಟು ಮತ್ತು ಬೆನ್ನಿನ ನಡುವಿನ ಸಂದಿಯಲ್ಲಿ ತೂರಿಸಿ ತಿರುಗಿಸಿದೆ. ಅವು ಒಂದು ದಿನವಾದರೂ ಭಾರದಡಿ ಇರಬೇಕು.

ಬಾತುಕೋಳಿ ಪುಸ್ತಕವನ್ನು ಕೊನೆಯಲ್ಲಿ ಹೊಲಿದೆವು. ಹಳೆಯ ಹಾಳೆ ಚಪ್ಪಟೆಯಾಗಿತ್ತು, ಮಡಿಕೆಯ ಗೆರೆಗಳು ಮಾತ್ರ ಉಳಿದಿದ್ದವು. ಅದರೊಳಗೆ ಮಕ್ಕಳ ಹಾಳೆ. ಏಳು ಹಾಳೆ, 28 ಪುಟ. ಒಬ್ಬರು ಹಿಡಿದರು, ಒಬ್ಬರು ಹೊಲಿದರು, ಗಂಟಿಗೆ ಮೂರನೆಯವರ ಬೆರಳು ಬೇಕಾಯಿತು.

ಎಲ್ಲರೂ ಕೆಳಗೆ ಕೂತರು, ಹೊಲಿದವನು ಓದಿದ. 5 ಮತ್ತು 6ರಲ್ಲಿ, ಅಚ್ಚಾದ ಹಾಳೆಯಲ್ಲಿ, ಮರಿ ಕಪ್ಪೆಯನ್ನು ದಾರಿ ಕೇಳುತ್ತದೆ, ಕಪ್ಪೆ ‘ನಾನೂ ಬರುತ್ತೇನೆ’ ಎನ್ನುತ್ತದೆ, ಯಾಕೆಂದು ಹೇಳುವುದಿಲ್ಲ. ಪುಟ ಮಗುಚಿದರೆ ನಮ್ಮ 5, ನಮ್ಮ 6: ಕಪ್ಪೆಗೂ ದಾರಿ ತಪ್ಪಿದೆ. ಓದು ಮುಂದುವರಿಯಿತು. 18 ಆಯಿತು. ಅಚ್ಚಿನ 19 ಬರುತ್ತದೆಂದು ಕಾದಿದ್ದರೆ ನಮ್ಮ 19 ಬಂತು. ಒಳಗಿರುವ ಹಾಳೆ ಮೊದಲರ್ಧದಲ್ಲಿ ಎರಡನೆಯದಾಗಿ ಬಂದರೆ ಎರಡನೇ ಅರ್ಧದಲ್ಲಿ ಮೊದಲು ಬರುತ್ತದೆ. ಇದನ್ನು ನಾನೂ ಮುಂಚಿತವಾಗಿ ಯೋಚಿಸಿರಲಿಲ್ಲ. ಕಲ್ಲಿನ ಕೆಳಗೆ ಕಪ್ಪೆಯ ಮನೆ ಸಿಕ್ಕಿತು, ಕಪ್ಪೆ ಕೈ ಬೀಸಿತು. ಆಮೇಲೆ ಅಚ್ಚಿನ 19: ದೂರದಿಂದ ಅಮ್ಮನ ಕೂಗು ಕೇಳಿಸುತ್ತದೆ, ಚಿತ್ರದಲ್ಲಿ ಮರಿ ಒಂಟಿ.

‘ಕಪ್ಪೆಯನ್ನು ಮನೆಗೆ ಬಿಟ್ಟು ಬಂದಿದೆ, ಅದಕ್ಕೇ ಒಂಟಿ’ ಎಂದ ಓದುತ್ತಿದ್ದವನು, ಪುಟದ ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿ, ಮುಂದಿನ ಪುಟ ತಿರುವಿದ.